ಹಳೆಯ ಬಾಯ್ಲರ್, ಹೊಸ ಬಾಯ್ಲರ್, ಚಿಮಣಿಗೆ ಕೊಡಬೇಕಾದ ಕೂಲಿ

ನಮ್ಮ ಹಿತ್ತಲಿನ ತಗಡಿನ ಮಾಡಿನ ಕೆಳಗೆ ಮೂವತ್ತೆಂಟು ವರ್ಷ ನಿಂತಿದ್ದ ತಾಮ್ರದ ಬಾಯ್ಲರನ್ನು ಕಳೆದ ಕಾರ್ತಿಕದಲ್ಲಿ ಕಿತ್ತು, ಅದರ ಜಾಗದಲ್ಲಿ ಹೊಸದೊಂದನ್ನು ಮಾಡಿಸಿ ಕೂರಿಸಿದೆ. ಕಾರ್ತಿಕದವರೆಗೆ ಕಾಯಬೇಕಾಗಿ ಬಂದದ್ದು ಅವ್ವನಿಂದ. ನೀರು ತುಂಬುವ ಹಬ್ಬದ ಸಂಜೆ ಬಾಯ್ಲರನ್ನು ಹುಣಸೆಹಣ್ಣು ಹಚ್ಚಿ ಬೆಳಗಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು, ಕೊರಳಿಗೆ ಹಿಂಡಲಕಾಯಿ ಬಳ್ಳಿ ಕಟ್ಟಿ ನೀರು ತುಂಬುವುದು ನಮ್ಮಲ್ಲಿ ನಡೆದುಕೊಂಡು ಬಂದ ಪದ್ಧತಿ. 'ಹಬ್ಬದ ಮುಂದೆ ಹಂಡೇವು ಕೀಳ್ತಾರೇನಪ್ಪ' ಎಂದು ಅವ್ವ ಕೇಳಿದ ಮೇಲೆ ನನಗೆ ಮಾತು ಉಳಿಯಲಿಲ್ಲ. ಬಾಯ್ಲರ್ ಬಂದು ಇಷ್ಟು ವರ್ಷವಾದರೂ ಅವ್ವನ ಬಾಯಲ್ಲಿ ಅದು ಇನ್ನೂ ಹಂಡೇವೇ.

ನಮ್ಮ ಮನೆ ಇರುವುದು ಆವರಗೆರೆಯಲ್ಲಿ. ದಾವಣಗೆರೆ ನಗರ ನಮ್ಮನ್ನು ಒಳಗೆ ಸೇರಿಸಿಕೊಂಡು ಬಹಳ ಕಾಲವಾಗಿದ್ದರೂ ತಮ್ಮನ ಹೊಲದ ಮೆಕ್ಕೆಜೋಳ ಪ್ರತಿ ವರ್ಷ ನಮ್ಮ ಅಂಗಳಕ್ಕೇ ಬರುತ್ತದೆ, ಕಾಳು ಬಿಡಿಸಿದ ಮೇಲೆ ಉಳಿಯುವ ಬೆಂಡು ಚೀಲಗಟ್ಟಲೆ ಹಿತ್ತಲಿನಲ್ಲಿ ಬೀಳುತ್ತದೆ. ಮನೆಯಲ್ಲಿ ಆರು ಜನರಿದ್ದೇವೆ, ಎಲ್ಲರಿಗೂ ಬೆಳಗಿನ ಜಾವವೇ ಸ್ನಾನವಾಗಬೇಕು. ಇನ್ನು ನಾನು ವೃತ್ತಿಯಿಂದ ಬಾಯ್ಲರ್ ಅಟೆಂಡೆಂಟ್. ಮೊದಲು ಊರಿನ ಹತ್ತಿ ಗಿರಣಿಯೊಂದರಲ್ಲಿ ನೂಲಿಗೆ ಗಂಜಿ ಹಚ್ಚುವ ವಿಭಾಗಕ್ಕೆ ಉಗಿ ಕೊಡುತ್ತಿದ್ದೆ. ಗಿರಣಿ ನಿಂತ ಮೇಲೆ ಹರಿಹರದ ಕಡೆಯ ಅಕ್ಕಿ ಗಿರಣಿಯಲ್ಲಿ ಭತ್ತದ ಹೊಟ್ಟು ಉರಿಸಿ ಭತ್ತ ಕುದಿಸುವ ಉಗಿ ಎಬ್ಬಿಸುತ್ತಿದ್ದೆ. ನಾವು ಪರೀಕ್ಷೆಗೆ ಓದಿದ 1923ರ ಭಾರತೀಯ ಬಾಯ್ಲರ್ ಕಾಯ್ದೆಯ ಪ್ರಕಾರ ಮುಚ್ಚಿದ ಪಾತ್ರೆಯಲ್ಲಿ ಒತ್ತಡದ ಉಗಿ ಹುಟ್ಟಿಸುವಂಥದ್ದು ಮಾತ್ರ ಬಾಯ್ಲರ್. ಆ ಲೆಕ್ಕಕ್ಕೆ ಬಚ್ಚಲಿಗೆ ನೀರು ಕಾಯಿಸುವ ಯಾವುದೂ ಬಾಯ್ಲರ್ ಅಲ್ಲ. ಆದರೂ ಊರೆಲ್ಲ ಕರೆಯುವ ಹೆಸರನ್ನು ಬಿಟ್ಟು ನಾನೊಬ್ಬ ಬೇರೆ ಹೆಸರು ಹುಡುಕುವುದು ಸರಿಯಲ್ಲ.

ಹಳೆಯ ಬಾಯ್ಲರಿನ ರಚನೆ ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಎಲ್ಲರೂ ಕಂಡದ್ದೇ. ಒಂದೇ ಪದರದ ತಾಮ್ರದ ಉರುಳೆ, ಅದರ ನಟ್ಟನಡುವೆ ಆರು ಇಂಚಿನ ಒಂದು ನೇರ ಕೊಳವೆ, ಕೊಳವೆಯ ಬುಡದಲ್ಲಿ ಬೆಂಕಿ, ಸುತ್ತಲೂ 70 ಲೀಟರ್ ನೀರು. ಮೇಲಿನ ಆಲಿಕೆಯಲ್ಲಿ ಒಂದು ಕೊಡ ತಣ್ಣೀರು ಸುರಿದರೆ ಅದು ತಳಕ್ಕೆ ಇಳಿದು, ಅಷ್ಟೇ ಬಿಸಿನೀರನ್ನು ಮೂತಿಯಿಂದ ಹೊರಕ್ಕೆ ದಬ್ಬುತ್ತದೆ. ಉಪಾಯ ಚೆನ್ನಾಗಿಯೇ ಇದೆ. ಆದರೆ ಎರಡು ವರ್ಷದಿಂದ ಅದರ ತಳದ ಬೆಸುಗೆ ತೊಟ್ಟಿಕ್ಕುತ್ತಿತ್ತು, ಎರಡು ಸಲ ಬೆಸೆಸಿದರೂ ನಿಲ್ಲಲಿಲ್ಲ. ಮೂರನೆಯ ಸಲ ಒಯ್ದಾಗ ಕಂಚುಗಾರರು ಬೆಂಕಿ ತಾಗುವ ಕೊಳವೆಯನ್ನು ಉಗುರಿನಿಂದ ಒತ್ತಿ, ತಾಮ್ರ ಕಾಗದದಷ್ಟು ತೆಳುವಾಗಿದೆ, ಇನ್ನು ಇದರ ಮೇಲೆ ಕಾಸು ಹಾಕಬೇಡಿ ಎಂದು ಹೇಳಿ ಹಿಂದಕ್ಕೆ ಕಳಿಸಿದರು.

ತೆಗೆಯುವ ಮೊದಲು ಅದು ನಿಜವಾಗಿ ಎಷ್ಟು ತಿನ್ನುತ್ತಿತ್ತೆಂದು ಅಳೆದು ನೋಡುವ ಆಸೆಯಾಯಿತು. ಮೂರು ದಿನ ಬೆಂಡನ್ನು ತಕ್ಕಡಿಯಲ್ಲಿ ತೂಗಿ ಒಲೆಗೆ ಹಾಕಿದೆ, ನೀರಿಗೆ ಉಷ್ಣಮಾಪಕ ಇಳಿಬಿಟ್ಟೆ, ಗಿರಣಿಯ ಕಾಲದ ಮುಳ್ಳಿನ ಉಷ್ಣಮಾಪಕವನ್ನು ಚಿಮಣಿಯ ಬುಡದಲ್ಲಿ ತೂತು ಕೊರೆದು ಸಿಕ್ಕಿಸಿದೆ. 25 ಡಿಗ್ರಿಯ 70 ಲೀಟರ್ ನೀರು 60 ಡಿಗ್ರಿಗೆ ಏರಲು ಸರಾಸರಿ 3.4 ಕಿಲೋ ಬೆಂಡು ಖರ್ಚಾಯಿತು. ನೀರು ಹೀರಿಕೊಂಡ ಶಾಖ 2,450 ಕಿಲೋಕ್ಯಾಲರಿ; ಚೆನ್ನಾಗಿ ಒಣಗಿದ ಬೆಂಡಿನಲ್ಲಿ ಕಿಲೋಗೆ ಸುಮಾರು 3,800 ಕಿಲೋಕ್ಯಾಲರಿ ಎಂದು ಹಿಡಿದರೆ ಒಲೆಗೆ ಹಾಕಿದ್ದು 12,900ಕ್ಕೂ ಮೇಲೆ. ಅಂದರೆ ನೂರರಲ್ಲಿ ಹತ್ತೊಂಬತ್ತು ಪಾಲು ನೀರಿಗೆ ಸೇರಿತ್ತು, ಉಳಿದ ಎಂಬತ್ತೊಂದು ಪಾಲು ಆಕಾಶಕ್ಕೂ ಹಿತ್ತಲಿನ ಗೋಡೆಗೂ ಸೇರಿತ್ತು. ಬೆಂಕಿ ಜೋರಾಗಿದ್ದಾಗ ಚಿಮಣಿಯ ಮುಳ್ಳು 380 ತೋರಿಸುತ್ತಿತ್ತು. ಗಿರಣಿಯಲ್ಲಿ ಹಾಗೆ ತೋರಿಸಿದ್ದರೆ ಇಂಜಿನಿಯರ್ ಸಾಹೇಬರು ನನ್ನ ಪಾಳಿಯನ್ನೇ ಬದಲಾಯಿಸುತ್ತಿದ್ದರು. ಮನೆಯಲ್ಲಿ ಅದೇ ತಪ್ಪನ್ನು ಮೂವತ್ತೆಂಟು ವರ್ಷ ನೋಡಿಕೊಂಡೇ ಸ್ನಾನ ಮಾಡಿದ್ದೇನೆ.

ಸೌದೆಯ ಗೊಡವೆಯೇ ಬೇಡ, ಗೀಸರ್ ಹಾಕಿಸಿ ಎಂದು ಮಗ ಹೇಳಿದ. ಅವನ ಮಾತಿನಲ್ಲಿ ತಪ್ಪಿರಲಿಲ್ಲವಾದರೂ ನಮ್ಮ ಮನೆಯ ಲೆಕ್ಕ ಬೇರೆ ಇತ್ತು. ಅದೇ 70 ಲೀಟರನ್ನು ಕರೆಂಟಿನಲ್ಲಿ ಕಾಯಿಸಿದರೆ, ಸೋರಿಕೆಯೂ ಸೇರಿ ದಿನಕ್ಕೆ ಮೂರು ಯೂನಿಟ್, ತಿಂಗಳಿಗೆ ತೊಂಬತ್ತು ಯೂನಿಟ್ ಬೇಕು. ಗೃಹಜ್ಯೋತಿ ಯೋಜನೆಯಲ್ಲಿ ನಮಗೆ ಉಚಿತವಾಗಿ ಸಿಗುವುದು 2022-23ರ ತಿಂಗಳ ಸರಾಸರಿ ಮತ್ತು ಅದರ ಮೇಲೆ ನೂರಕ್ಕೆ ಹತ್ತು ಮಾತ್ರ. ಆ ವರ್ಷ ನಾವು ಬೆಂಡಿನಲ್ಲೇ ನೀರು ಕಾಯಿಸಿದ್ದರಿಂದ ನಮ್ಮ ಸರಾಸರಿ 74, ಉಚಿತದ ಮಿತಿ 81. ಗೀಸರ್ ಹಾಕಿಸಿದರೆ ಹೆಚ್ಚಾಗುವ ಯೂನಿಟ್ಟಿಗೆಲ್ಲ ಹಣ ಕಟ್ಟಬೇಕು, ಬೇಸಿಗೆಯಲ್ಲಿ ಫ್ಯಾನು ಕೂಲರು ಸೇರಿ ಒಟ್ಟು 200 ದಾಟಿತೆಂದರೆ ಆ ತಿಂಗಳ ಇಡೀ ಬಿಲ್ಲು ನಮ್ಮದೇ. ಆ ವರ್ಷ ಗೀಸರ್ ಇದ್ದ ಮನೆಗೆ ಮಿತಿ ಹೆಚ್ಚು, ಸೌದೆ ಉರಿಸಿದ ಮನೆಗೆ ಮಿತಿ ಕಡಿಮೆ ಎಂಬುದು ವಿಚಿತ್ರವೇ, ಆದರೆ ನಿಯಮ ಇರುವುದು ಹಾಗೆ. ಸೋಲಾರ್ ಹಾಕಿಸುವ ಮನಸ್ಸು ನನಗೇ ಇತ್ತು. ದಕ್ಷಿಣಕ್ಕೆ ಎದ್ದಿರುವ ಮೂರು ಅಂತಸ್ತಿನ ಕಟ್ಟಡದ ನೆರಳು ಧನುರ್ಮಾಸದಲ್ಲಿ ಮಧ್ಯಾಹ್ನದವರೆಗೂ ನಮ್ಮ ತಾರಸಿಯನ್ನು ಬಿಡುವುದಿಲ್ಲ, ಬಿಸಿನೀರು ಹೆಚ್ಚು ಬೇಕಾಗುವುದೂ ಆಗಲೇ. ಗ್ಯಾಸ್ ಗೀಸರನ್ನು ನಾನು ಯಾರ ಬಚ್ಚಲಿಗೂ ಹೇಳುವುದಿಲ್ಲ. ಕಿಟಕಿ ಮುಚ್ಚಿದ ಸಣ್ಣ ಕೋಣೆಯಲ್ಲಿ ಗ್ಯಾಸ್ ಉರಿದರೆ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ತುಂಬುತ್ತದೆ, ಅದಕ್ಕೆ ಬಣ್ಣವೂ ಇಲ್ಲ ವಾಸನೆಯೂ ಇಲ್ಲ.

ಹೀಗಾಗಿ ಬೆಂಡು ಉರಿಸುವ ಬಾಯ್ಲರನ್ನೇ, ಆದರೆ ನೆಟ್ಟಗೆ ಉರಿಸುವಂಥದ್ದನ್ನು ಮಾಡಿಸುವುದೆಂದು ತೀರ್ಮಾನಿಸಿ, ಮೊಮ್ಮಗನ ಗಣಿತದ ಪುಸ್ತಕದ ಹಿಂದಿನ ಹಾಳೆಯಲ್ಲಿ ನಕ್ಷೆ ಬರೆದೆ. ಆರು ಇಂಚಿನ ಒಂದು ಕೊಳವೆಯ ಬದಲು ಎರಡು ಇಂಚಿನ ನಾಲ್ಕು ಕೊಳವೆಗಳು. ಆರು ಇಂಚಿನ ಕೊಳವೆಯ ಸುತ್ತಳತೆ ಸುಮಾರು 19 ಇಂಚು, ಎರಡು ಇಂಚಿನ ನಾಲ್ಕರ ಸುತ್ತಳತೆ ಕೂಡಿದರೆ 25 ಇಂಚು. ಬಿಸಿ ಹೊಗೆ ನೀರನ್ನು ಮುಟ್ಟುವ ಮೈ ಮೂರನೇ ಒಂದರಷ್ಟು ಹೆಚ್ಚುತ್ತದೆ. ಅಗಲ ಕೊಳವೆಯ ನಡುವಿನಲ್ಲಿ ಯಾವ ಗೋಡೆಯನ್ನೂ ಮುಟ್ಟದೆ ನೇರವಾಗಿ ಹಾರಿಹೋಗುತ್ತಿದ್ದ ಜ್ವಾಲೆಗೆ ಈಗ ಆ ದಾರಿ ಇರುವುದಿಲ್ಲ. ಕೊಳವೆಗಳ ಒಳಗೆ ತಿರುಚಿದ ತಗಡಿನ ಪಟ್ಟಿ ಇಳಿಬಿಟ್ಟರೆ ಹೊಗೆ ಸುತ್ತಿಕೊಂಡು ಏರುತ್ತದೆ. ಬೆಂಕಿಯ ಕೆಳಗೆ ಎರಕದ ಜಾಲರಿ, ಜಾಲರಿಯ ಕೆಳಗೆ ಬೂದಿಯ ತಟ್ಟೆ, ಗಾಳಿಯನ್ನು ಹೆಚ್ಚು ಕಡಿಮೆ ಮಾಡುವ ಬಾಗಿಲು. ಹೊರಮೈಗೆ ಎರಡು ಇಂಚು ಗಾಜಿನ ಉಣ್ಣೆ ಸುತ್ತಿ ಮೇಲೊಂದು ತಗಡಿನ ಹೊದಿಕೆ. ನೀರಿನ ಪಾತ್ರೆಗೆ ಮೇಲಿನಿಂದ ಸದಾ ತೆರೆದೇ ಇರುವ ಒಂದು ಗಾಳಿಕೊಳವೆ, ಅದಕ್ಕೆ ಯಾವ ವಾಲ್ವನ್ನೂ ಹಾಕುವಂತಿಲ್ಲ. ಈ ಕೊನೆಯದನ್ನು ವರ್ಕ್‌ಶಾಪಿನಲ್ಲಿ ಮೂರು ಸಲ ಹೇಳಿ, ನಕ್ಷೆಯಲ್ಲಿ ಕೆಂಪು ಶಾಯಿಯಲ್ಲೂ ಬರೆದೆ. ನೀರಿನ ಪಾತ್ರೆಯನ್ನು ಬಿಗಿಯಾಗಿ ಮುಚ್ಚಿ ಕೆಳಗೆ ಬೆಂಕಿ ಹಾಕಿದರೆ ಏನಾಗುತ್ತದೆಂದು ನನ್ನ ಕಸುಬಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ತಾಮ್ರವೋ ಸ್ಟೀಲೋ ಎಂಬ ವಾದ ವರ್ಕ್‌ಶಾಪಿನಲ್ಲಿ ಒಂದು ಚಹಾದ ಹೊತ್ತು ನಡೆಯಿತು. ತಾಮ್ರ ಸ್ಟೀಲಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ಚೆನ್ನಾಗಿ ಶಾಖ ದಾಟಿಸುತ್ತದೆ, ಆದ್ದರಿಂದ ನೀರು ಬೇಗ ಕಾಯುತ್ತದೆ ಎಂದು ಅಲ್ಲಿದ್ದವರೆಲ್ಲರ ಅಭಿಪ್ರಾಯ. ಮೊದಲ ಮಾತು ನಿಜ, ಎರಡನೆಯದು ಅದರಿಂದ ಹುಟ್ಟುವುದಿಲ್ಲ. ಶಾಖಕ್ಕೆ ನಿಜವಾದ ಅಡ್ಡಿ ಒಂದೂವರೆ ಮಿಲಿಮೀಟರಿನ ಲೋಹವಲ್ಲ, ಆ ಲೋಹಕ್ಕೆ ಅಂಟಿಕೊಂಡು ಮಂದವಾಗಿ ಸರಿಯುವ ಹೊಗೆಯ ತೆಳು ಪದರ, ಮತ್ತು ಅದರ ಮೇಲೆ ಕೂರುವ ಮಸಿ. ಆ ಪದರವನ್ನು ದಾಟಿ ಬರುವಷ್ಟರಲ್ಲೇ ಶಾಖ ಸೊರಗಿರುತ್ತದೆ, ಆಮೇಲೆ ಎದುರಾಗುವ ಗೋಡೆ ತಾಮ್ರದ್ದಾದರೂ ಸ್ಟೀಲಿನದ್ದಾದರೂ ಹೆಚ್ಚಿನ ವ್ಯತ್ಯಾಸವಿಲ್ಲ. 304 ದರ್ಜೆಯ ಸ್ಟೀಲನ್ನೇ ಹಾಕಿಸಿದೆ. ಅವ್ವ ಮಾತ್ರ ಇದನ್ನು ಒಪ್ಪಿಲ್ಲ. ತಾಮ್ರದ ನೀರಿನ ಗುಣವೇ ಬೇರೆ ಎನ್ನುತ್ತಾರೆ, ಅದನ್ನು ಅಳೆಯುವ ಉಪಕರಣ ನನ್ನ ಹತ್ತಿರ ಇಲ್ಲ.

ಮೊದಲ ಸಲ ಬೆಂಕಿ ಹಾಕಿದ ದಿನ ನಾನು ಸಂತೋಷಪಟ್ಟದ್ದು ಹತ್ತು ನಿಮಿಷ. ಚಿಮಣಿಯ ಮುಳ್ಳು 100ರ ಆಸುಪಾಸಿನಲ್ಲೇ ನಿಂತಿತು. 380 ಎಲ್ಲಿ, 100 ಎಲ್ಲಿ! ಎಲ್ಲ ಶಾಖವನ್ನೂ ಹಿಡಿದುಬಿಟ್ಟೆ ಎಂದು ಹೆಂಡತಿಯನ್ನು ಕರೆದು ತೋರಿಸುವಷ್ಟರಲ್ಲಿ ಒಲೆಯ ಬಾಯಿಂದ ದಟ್ಟ ಹೊಗೆ ಹಿಂದಕ್ಕೆ ಉಕ್ಕಿ ಮಾಡಿನ ಕೆಳಗೆಲ್ಲ ತುಂಬಿತು. 'ರೀ, ಹಳೇದೇ ವಾಸಿ ಇತ್ತಲ್ರೀ' ಎಂದು ಆಕೆ ಸೆರಗು ಮೂಗಿಗೆ ಹಿಡಿದು ಒಳಗೆ ಹೋದಳು. ತೂತು ಬಿಟ್ಟ ಬೆಸುಗೆಯಿಂದ ನೀರೂ ಸ್ವಲ್ಪ ಜಿನುಗುತ್ತಿತ್ತು, ಅದನ್ನು ವರ್ಕ್‌ಶಾಪಿನವರು ಮರುದಿನವೇ ಬಂದು ಸರಿಮಾಡಿದರು. ಹೊಗೆಯ ತಪ್ಪು ಮಾತ್ರ ಪೂರ್ತಿ ನನ್ನದು. ನಾಲ್ಕನೆಯ ದಿನಕ್ಕೆ ಚಿಮಣಿಯ ಕೀಲಿನಿಂದ ಕಪ್ಪನೆಯ, ಡಾಂಬರಿನಂಥ ಜಿಗುಟು ಇಳಿದು ಹೊಸ ತಗಡಿನ ಹೊದಿಕೆಯ ಮೇಲೆ ಒಂದು ಉದ್ದ ಗೆರೆ ಎಳೆಯಿತು. ಸೀಗೆಪುಡಿಯಿಂದ ಉಜ್ಜಿದರೂ ಆ ಗೆರೆ ಇಂದಿಗೂ ಹೋಗಿಲ್ಲ.

ಆ ವಾರ ಬೆಲ್‌ಫಾಸ್ಟಿನಲ್ಲಿರುವ ದೊಡ್ಡ ಮಗಳು ವಿಡಿಯೋ ಕರೆ ಮಾಡಿದಾಗ ಈ ಕಥೆಯನ್ನೆಲ್ಲ ಹೇಳಿದೆ. ಕಾಕತಾಳೀಯವೆಂಬಂತೆ ಅವರ ಮನೆಯಲ್ಲೂ ಹಳೆಯ ಎಣ್ಣೆಯ ಬಾಯ್ಲರನ್ನು ತೆಗೆದು ಹೊಸದನ್ನು ಹಾಕಿದ್ದರು. ಉತ್ತರ ಐರ್ಲೆಂಡಿನಲ್ಲಿ ಅರ್ಧಕ್ಕಿಂತ ಹೆಚ್ಚು ಮನೆಗಳು ಬೆಚ್ಚಗಿರುವುದು ಎಣ್ಣೆಯಿಂದ, ಆ ಎಣ್ಣೆ ಬೇರೇನೂ ಅಲ್ಲ, ಸೀಮೆಎಣ್ಣೆ. ನಾವು ಪಡಿತರ ಅಂಗಡಿಯ ಮುಂದೆ ಡಬ್ಬ ಹಿಡಿದು ನಿಂತು ತಂದ ನೀಲಿ ಸೀಮೆಎಣ್ಣೆಯ ದಾಯಾದಿಯನ್ನು ಅಲ್ಲಿ ಟ್ಯಾಂಕರಿನಲ್ಲಿ ತಂದು ಹಿತ್ತಲಿನ ತೊಟ್ಟಿಗೆ ಸುರಿದು ಹೋಗುತ್ತಾರೆ. ಮಗಳು ಫೋನನ್ನು ಹೊರಗೆ ಒಯ್ದು ಹೊಸ ಬಾಯ್ಲರಿನ ಹೊಗೆಕೊಳವೆ ತೋರಿಸಿದಳು; ಅದರಿಂದ ಬರುತ್ತಿದ್ದುದು ಬಿಳಿಯ ಮಂಜು, ಪಕ್ಕದಲ್ಲಿ ಒಂದು ಸಣ್ಣ ಪ್ಲಾಸ್ಟಿಕ್ ಪೈಪಿನಿಂದ ನೀರು ತೊಟ್ಟಿಕ್ಕುತ್ತಿತ್ತು. 'ಅಪ್ಪಾಜಿ, ಇದರ ಹೊಗೆಗೆ ಕೈ ಒಡ್ಡಬಹುದು, ಅಷ್ಟು ತಣ್ಣಗಿದೆ. ನಿಮ್ಮದು ಮಾತ್ರ ಯಾಕೆ ಹಿಂದಕ್ಕೆ ಬರ್ತದೆ?' ಎಂದು ಕೇಳಿದಳು.

ಆ ಪ್ರಶ್ನೆಗೆ ಉತ್ತರ ಹೇಳುತ್ತ ಹೇಳುತ್ತಲೇ ನನ್ನ ತಪ್ಪು ನನಗೆ ನಿಚ್ಚಳವಾಯಿತು. ಎಣ್ಣೆ ಉರಿದಾಗ ಅದರ ಜಲಜನಕದಿಂದ ನೀರಿನ ಆವಿ ಹುಟ್ಟುತ್ತದೆ. ಹೊಗೆಯನ್ನು ಸುಮಾರು 50 ಡಿಗ್ರಿಗಿಂತ ಕೆಳಕ್ಕೆ ತಣಿಸಿದರೆ ಆ ಆವಿ ಮತ್ತೆ ನೀರಾಗುತ್ತದೆ, ನೀರಾಗುವಾಗ ತನ್ನೊಳಗಿನ ಗುಪ್ತ ಶಾಖವನ್ನು ಬಿಟ್ಟುಕೊಡುತ್ತದೆ. ಅವರ ಹೊಸ ಬಾಯ್ಲರ್ ಆ ಶಾಖವನ್ನೂ ಹಿಡಿಯುತ್ತದೆ, ಹಳೆಯದು ಅದನ್ನು ಗಾಳಿಗೆ ಬಿಡುತ್ತಿತ್ತು. ಆದರೆ ಅಷ್ಟು ತಣ್ಣಗಾದ ಹೊಗೆ ತಾನಾಗಿ ಮೇಲೇರುವುದಿಲ್ಲ. ಅಲ್ಲಿ ಅದನ್ನು ಹೊರಕ್ಕೆ ದಬ್ಬಲು ವಿದ್ಯುತ್ ಫ್ಯಾನ್ ಇದೆ. ನನ್ನ ಹಿತ್ತಲಿನಲ್ಲಿ ಫ್ಯಾನ್ ಇಲ್ಲ. ಇಲ್ಲಿ ಹೊಗೆಯನ್ನು ಮೇಲೆತ್ತುವುದೂ, ಅದರ ಹಿಂದೆ ಹೊಸ ಗಾಳಿಯನ್ನು ಜಾಲರಿಯ ಕೆಳಗಿನಿಂದ ಎಳೆದು ತರುವುದೂ ಹೊಗೆಯ ಬಿಸಿಯೇ. ಚಿಮಣಿಯಲ್ಲಿ ಹೋಗುವ ಶಾಖವನ್ನೆಲ್ಲ ಕಳ್ಳರ ಪಾಲು ಎಂದು ನಾನು ಎಣಿಸಿದ್ದೆ. ಅದರಲ್ಲಿ ಒಂದಿಷ್ಟು ಗಾಳಿ ಎಳೆಯುವ ಕೂಲಿ. ಕೂಲಿ ಕೊಡದ ಕಾರಣ ಕೆಲಸ ನಿಂತಿತ್ತು. ಮೇಲಾಗಿ ಸರಿಯಾಗಿ ಗಾಳಿ ಸಿಗದ ಬೆಂಡು ಅರೆಬರೆ ಉರಿದು, ಅದರಿಂದೆದ್ದ ಎಣ್ಣೆಯಂಥ ಆವಿಯೇ ತಣ್ಣನೆಯ ಚಿಮಣಿಗೆ ತಾಗಿ ಜಿಗುಟಾಗಿ ಇಳಿಯುತ್ತಿತ್ತು. ಸೀಮೆಎಣ್ಣೆಯ ಹೊಗೆಯಿಂದ ಇಳಿಯುವ ನೀರನ್ನು ಪೈಪಿನಲ್ಲಿ ಚರಂಡಿಗೆ ಬಿಡಬಹುದು, ಬೆಂಡಿನ ಜಿಗುಟನ್ನು ಹಾಗೆ ಬಿಡಲಾಗುವುದಿಲ್ಲ.

ಮರುದಿನ ನಾಲ್ಕು ಕೊಳವೆಗಳ ಪೈಕಿ ಎರಡರಿಂದ ತಿರುಚು ಪಟ್ಟಿಗಳನ್ನು ಹೊರಗೆಳೆದೆ, ಐದು ಅಡಿಯ ಚಿಮಣಿಯನ್ನು ಹತ್ತು ಅಡಿಗೆ ಏರಿಸಿದೆ. ಮುಳ್ಳು 170ಕ್ಕೆ ಬಂದು ನಿಂತಿತು, ಹೊಗೆ ಒಲೆಯ ಬಾಯನ್ನು ಬಿಟ್ಟು ತನ್ನ ದಾರಿ ಹಿಡಿಯಿತು. ಹೊಗೆಯ ಬಿಸಿ 22 ಡಿಗ್ರಿ ಇಳಿದರೆ ದಕ್ಷತೆ ನೂರಕ್ಕೆ ಒಂದು ಏರುತ್ತದೆ ಎಂಬುದು ಬಾಯ್ಲರ್ ಮನೆಯ ಹಳೆಯ ಅಂದಾಜು. ನಾನು 70 ಡಿಗ್ರಿ ಬಿಟ್ಟುಕೊಟ್ಟೆ, ಅಂದರೆ ಕಳೆದುಕೊಂಡದ್ದು ನೂರಕ್ಕೆ ಮೂರರಷ್ಟು. ತೂಗಿ ನೋಡಿದಾಗಲೂ ಹಾಗೆಯೇ ಬಂತು: ಹೊಗೆಯಲ್ಲಿ ಕಣ್ಣೀರು ಸುರಿಸುತ್ತ ಕಾಯಿಸಿದ ದಿನಗಳಲ್ಲಿ 1.4 ಕಿಲೋ ಬೆಂಡು ಸಾಕಾಗಿತ್ತು, ಈಗ 1.5 ಕಿಲೋ ಬೇಕು. ನೂರಕ್ಕೆ ನಲವತ್ತಾರು ಇದ್ದದ್ದು ನಲವತ್ಮೂರಾಯಿತು. ಹಳೆಯ ಹತ್ತೊಂಬತ್ತರ ಎದುರಿಗೆ ನನಗೆ ಇಷ್ಟು ಸಾಕು.

ಗಾಜಿನ ಉಣ್ಣೆಯ ಉಪಕಾರ ಬೆಂಕಿ ಆರಿದ ಮೇಲೆ ಗೊತ್ತಾಗುತ್ತದೆ. ಐದು ಗಂಟೆಗೆ 60 ಡಿಗ್ರಿ ಮುಟ್ಟಿದ ನೀರು, ಯಾರೂ ಮುಟ್ಟದಿದ್ದರೆ, ಹಳೆಯ ಬಾಯ್ಲರಿನಲ್ಲಿ ಒಂಬತ್ತಕ್ಕೆ 45ಕ್ಕೆ ಇಳಿಯುತ್ತಿತ್ತು. ಈಗ 56ರಲ್ಲಿ ಇರುತ್ತದೆ. ಹಾಗಾಗಿ ಕೊನೆಯಲ್ಲಿ ಏಳುವ ಮೊಮ್ಮಗನಿಗಾಗಿ ಮತ್ತೆ ಬೆಂಕಿ ಹಾಕುವುದು ತಪ್ಪಿದೆ. ಇದಕ್ಕೆ ಚಿಮಣಿಯ ಡ್ಯಾಂಪರನ್ನು, ಅಂದರೆ ಹೊಗೆಯ ದಾರಿಗೆ ಅಡ್ಡ ಹಾಕುವ ತಟ್ಟೆಯನ್ನು, ಮುಚ್ಚುವುದೂ ಮುಖ್ಯ, ಇಲ್ಲದಿದ್ದರೆ ತಣ್ಣನೆಯ ಗಾಳಿ ನಾಲ್ಕೂ ಕೊಳವೆಗಳಲ್ಲಿ ಹರಿದು ನೀರಿನ ಬಿಸಿಯನ್ನು ಕದ್ದೊಯ್ಯುತ್ತದೆ. ಆದರೆ ಕೆಂಡ ಇರುವಾಗ ಡ್ಯಾಂಪರ್ ಮುಚ್ಚುವಂತಿಲ್ಲ. ಕೆಂಡದಿಂದ ಏಳುವುದೂ ಅದೇ ವಾಸನೆಯಿಲ್ಲದ ವಿಷ. ನಮ್ಮ ಬಾಯ್ಲರ್ ಬಚ್ಚಲಿನ ಹೊರಗೋಡೆಯ ಆಚೆಗಿದೆ, ಒಳಗೆ ಬರುವುದು ನೀರಿನ ಪೈಪು ಮಾತ್ರ. ಹಾಗಿದ್ದರೂ ಡ್ಯಾಂಪರಿನ ತಟ್ಟೆಗೆ ಒಂದು ರೂಪಾಯಿ ನಾಣ್ಯದಷ್ಟು ತೂತು ಬಿಡಿಸಿದ್ದೇನೆ, ಜಾಲರಿಯನ್ನು ಕೆದಕಿ ಬೂದಿ ಮಾತ್ರ ಇದೆಯೆಂದು ನೋಡಿಕೊಂಡ ಮೇಲೆಯೇ ಮುಚ್ಚುತ್ತೇನೆ. ಈ ಕೆಲಸವನ್ನು ಬೇರೆಯವರಿಗೆ ಇನ್ನೂ ಬಿಟ್ಟುಕೊಟ್ಟಿಲ್ಲ.

ಹಳೆಯ ಬಾಯ್ಲರನ್ನು ಪಾತ್ರೆ ಅಂಗಡಿಗೆ ಹಾಕುವ ಮೊದಲು ಅದರ ತಳವನ್ನು ಕತ್ತರಿಸಿ ತೆಗೆಸಿದೆ. ಒಳಗೆ ಕೊಳವೆಯ ಸುತ್ತ ಬೋರಿನ ನೀರಿನ ಸುಣ್ಣ ನಾಲ್ಕು ಮಿಲಿಮೀಟರ್ ದಪ್ಪಕ್ಕೆ ಕಟ್ಟಿತ್ತು, ಒಂದರ ಮೇಲೊಂದು ಪದರವಾಗಿ, ಈರುಳ್ಳಿಯ ಸಿಪ್ಪೆಯ ಹಾಗೆ. ಒಂದು ಚೂರನ್ನು ಮೇಜಿನ ಮೇಲೆ ಇಟ್ಟುಕೊಂಡಿದ್ದೇನೆ. ಬೆಂಕಿಯ ಕಡೆಗಿದ್ದ ಮೈ ಕಂದು, ನೀರಿನ ಕಡೆಗಿದ್ದ ಮೈ ಬಿಳಿ. ತಾಮ್ರ ಕಾಗದದಷ್ಟು ತೆಳುವಾಗಲು ಇದೂ ಒಂದು ಕಾರಣವೆಂದು ನನ್ನ ಅನುಮಾನ, ಏಕೆಂದರೆ ಸುಣ್ಣದ ಅಡ್ಡಿಯಿಂದ ನೀರಿಗೆ ಶಾಖ ಬಿಟ್ಟುಕೊಡಲಾಗದ ಲೋಹ ತಾನೇ ಅತಿಯಾಗಿ ಕಾಯುತ್ತದೆ. ಆದ್ದರಿಂದ ಹೊಸದಕ್ಕೆ ಬೋರಿನ ನೀರನ್ನು ಬಿಡುತ್ತಿಲ್ಲ. ನಗರದ ನಲ್ಲಿಯಲ್ಲಿ ಬರುವ ಸಿಹಿನೀರನ್ನು ಪ್ರತ್ಯೇಕ ಡ್ರಮ್ಮಿನಲ್ಲಿ ತುಂಬಿಸಿ ಅಲ್ಲಿಂದ ಕೊಡುತ್ತೇನೆ, ನೀರನ್ನು 60 ಡಿಗ್ರಿಗಿಂತ ಮೇಲೆ ಏರಲು ಬಿಡುವುದಿಲ್ಲ. ಬಿಸಿ ಹೆಚ್ಚಿದಷ್ಟೂ ಸುಣ್ಣ ಬೇಗ ಕಟ್ಟುತ್ತದೆ. ವರ್ಷಕ್ಕೊಮ್ಮೆ ನಿಂಬೆ ಉಪ್ಪನ್ನು ಕರಗಿಸಿ ಒಂದು ರಾತ್ರಿ ಒಳಗೆ ನಿಲ್ಲಿಸಿ ತೊಳೆದರೆ ಸಾಕಾದೀತು. ಕೊಳವೆಗಳ ಮಸಿಯನ್ನು ಹದಿನೈದು ದಿನಕ್ಕೊಮ್ಮೆ ಉದ್ದನೆಯ ತಂತಿಯ ಬ್ರಷ್ಷಿನಿಂದ ಉಜ್ಜುತ್ತೇನೆ. ಮರೆತರೆ ಮುಳ್ಳು ತಾನಾಗಿ 190ಕ್ಕೆ ಏರಿ ನೆನಪು ಮಾಡುತ್ತದೆ.

ತಾಮ್ರ 16 ಕಿಲೋ 400 ಗ್ರಾಂ ತೂಗಿತು. ಬಂದ ಹಣದಲ್ಲಿ ಹೊಸದರ ಖರ್ಚಿನ ಅರ್ಧಕ್ಕೂ ಮೇಲೆ ತುಂಬಿತು, ಮೇಲಿನ ಆಲಿಕೆಯನ್ನು ಮಾತ್ರ ಅವ್ವ ಮಾರಲು ಕೊಡಲಿಲ್ಲ. ಹೊಸ ಬಾಯ್ಲರಿಗೆ ಡ್ರಮ್ಮಿನಿಂದ ಪೈಪಿನಲ್ಲಿ ನೀರು ಬರುವುದರಿಂದ ಆಲಿಕೆಯ ಅಗತ್ಯವಿಲ್ಲ ಎಂದು ತಿಳಿಸಿ ಹೇಳಿದೆ. 'ಮುಂದಿನ ನೀರು ತುಂಬೋ ಹಬ್ಬಕ್ಕೆ ಪೈಪಿಗೆ ಪೂಜೆ ಮಾಡ್ಲೇನು?' ಎಂದು ಕೇಳಿದರು. ಆಲಿಕೆ ಈಗ ಡ್ರಮ್ಮಿನ ಬಾಯಿಗೆ ಕೂತಿದೆ.

ಇದುವರೆಗೆ ಹೇಳಿದ ಅಂಕಿಗಳೆಲ್ಲ ಚಳಿಗಾಲದ ಒಣ ಬೆಂಡಿನವು. ಆಷಾಢದ ಜಿಟಿಜಿಟಿ ಮಳೆಯಲ್ಲಿ ಬೆಂಡು ತೇವ ಹೀರಿ ಮೆತ್ತಗಾಗುತ್ತದೆ, ಆ ತೇವವನ್ನು ಆವಿಯಾಗಿಸುವುದಕ್ಕೇ ಅದರ ಶಾಖದ ಒಂದು ಪಾಲು ಹೋಗುತ್ತದೆ, ಹೊಗೆಯೂ ತಣ್ಣಗಾಗಿ ಜಿಗುಟಿನ ಕಾಟ ಮತ್ತೆ ಶುರುವಾಗಬಹುದು. ಆಗ ಉಳಿದೆರಡು ಕೊಳವೆಗಳ ಪಟ್ಟಿಗಳನ್ನೂ ತೆಗೆಯಬೇಕಾದೀತು. ಮೃಗಶಿರಾ ಮಳೆ ಹಿಡಿಯುವ ಮೊದಲು ಮೂವತ್ತು ಚೀಲ ಬೆಂಡನ್ನು ಅಟ್ಟಕ್ಕೆ ಏರಿಸಲು ಮಗನಿಗೆ ಹೇಳಿದ್ದೇನೆ. ಭಾನುವಾರ ನೋಡೋಣ ಎಂದಿದ್ದಾನೆ.